ಕುಬ್ಜರ ಕಲ್ಮನೆ: ಕಲ್ಪನಾಲೋಕ ಕಟ್ಟುತ್ತಿರುವ ಬೆಂಗಳೂರಿನ ಕಲಾವಿದರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಗೇಮ್, ಅನಿಮೇಷನ್ ಹಾಗೂ ವಿಎಫ್ಎಕ್ಸ್ ಸ್ಟುಡಿಯೋಗಳ ಕಲಾವಿದರಿಗೆ, ಅವರಿಗೆ ವಿದ್ಯೆ ಹೇಳಿಕೊಡುತ್ತಿರುವ ಅಧ್ಯಾಪಕರಿಗೆ, ಮತ್ತು ಕರ್ನಾಟಕ ಸರ್ಕಾರದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರಗಳು.

ಕೆಲವು ತಿಂಗಳ ಹಿಂದೆ ನಮ್ಮ ನಗರದ ಒಂದು ಕಲಾ ತರಬೇತಿ ಸಂಸ್ಥೆಯಲ್ಲಿ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ರೂಪಿಸಿದ ಕೃತಿಗಳ ಪ್ರದರ್ಶನವನ್ನು ನೋಡುವ ಅವಕಾಶ ನನಗೆ ಒದಗಿತ್ತು. ಅಲ್ಲಿ ಐವರು ಒಂದೇ ವಸ್ತುವನ್ನು ಆರಿಸಿಕೊಂಡಿದ್ದರು: ಕಲ್ಪನಾಲೋಕವೊಂದರಲ್ಲಿ, ಪರ್ವತದ ಒಡಲಿನಲ್ಲಿ, ಕುಬ್ಜ ಜನಾಂಗದವರು ಕೊರೆದ ಮಹಾದೇಗುಲ. ಐದರಲ್ಲೂ ನೂರಡಿ ಎತ್ತರದ ಬಾಗಿಲು, ಅದರ ಎರಡೂ ಬದಿಗೆ ಕೊಡಲಿ ಹಿಡಿದ ಗಡ್ಡಧಾರಿಗಳ ದೈತ್ಯವಿಗ್ರಹಗಳು, ಒಳಗೆ ಹರಿಯುವ ಲಾವಾರಸ, ಅದರ ಮೇಲೆ ತಡೆಗೋಡೆಯಿಲ್ಲದ ಕಿರುಸೇತುವೆ ಇದ್ದವು. ಕೆಲಸದಲ್ಲಿ ಕೌಶಲ ಬೇಕಾದಷ್ಟಿತ್ತು. ಒದ್ದೆ ಕಲ್ಲಿನ ಮೇಲೆ ಬೆಂಕಿಯ ಬೆಳಕು ಜಾರುವ ಬಗೆಯನ್ನು ಅವರು ಹಿಡಿದಿದ್ದ ರೀತಿಯನ್ನು ನಾನು ಮರೆತಿಲ್ಲ. ಐದರಲ್ಲಿ ಅತ್ಯುತ್ತಮವೆನಿಸಿದ ಕೃತಿಯನ್ನು ಮಾಡಿದ್ದ ಹುಡುಗಿಯನ್ನು, “ಈ ಬಾಗಿಲನ್ನು ಯಾರಮ್ಮ ತೆರೆಯುತ್ತಾರೆ? ಅವರ ಕೈ ಚಿಲಕಕ್ಕೆ ಎಟುಕುತ್ತದೆಯೇ?” ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ತನ್ನ ಚಿತ್ರವನ್ನೇ ನೋಡಿ, “ಅದನ್ನು ಯೋಚಿಸಿರಲಿಲ್ಲ ಸರ್, ರೆಫರೆನ್ಸ್ ಚಿತ್ರಗಳಲ್ಲೆಲ್ಲ ಹೀಗೇ ಇತ್ತು” ಎಂದಳು. ಅದು ಪ್ರಾಮಾಣಿಕವಾದ ಉತ್ತರ. ಮೂವತ್ತು ವರ್ಷ ಚಿತ್ರಕಲೆಯನ್ನೂ ಶಿಲ್ಪದ ಇತಿಹಾಸವನ್ನೂ ಕಲಿಸಿದ ನನಗೆ ಆ ಉತ್ತರದಲ್ಲಿ ನಮ್ಮೆಲ್ಲರ ಪಾಲೂ ಇದೆ ಎನ್ನಿಸಿತು. ಈ ಪತ್ರಕ್ಕೆ ಅದೇ ಕಾರಣ.

ನನ್ನ ಮಾತು ಇಷ್ಟೇ: ಕುಬ್ಜರ ದೇಗುಲವನ್ನು ನಾವು ದೊಡ್ಡದಾಗಿ ಮಾಡುತ್ತಿದ್ದೇವೆಯೇ ಹೊರತು ಕುಬ್ಜರದ್ದಾಗಿ ಮಾಡುತ್ತಿಲ್ಲ. ಬಂಡೆಯನ್ನು ಕೊರೆದು ದೇವರಿಗೆ ಮನೆ ಮಾಡುವುದೆಂದರೇನು ಎಂಬುದನ್ನು ಸಾವಿರದೈನೂರು ವರ್ಷಗಳಿಂದ ಬಲ್ಲ ನಾಡಿನಲ್ಲಿ ಕುಳಿತು ಈ ತಪ್ಪು ಮಾಡುವುದು ನನಗೆ ಸಹಿಸಲಾಗದ ನಷ್ಟವಾಗಿ ಕಾಣುತ್ತದೆ.

ಮೊದಲು ಆ ಜನಾಂಗವನ್ನು ಕುರಿತು. ಕುಬ್ಜ ಎಂಬ ಪದವನ್ನು ನಾನು ಗೌರವದಿಂದಲೇ ಬಳಸುತ್ತಿದ್ದೇನೆ. ನಮ್ಮ ನಡುವೆ ಬದುಕುತ್ತಿರುವ ಕಡಿಮೆ ಎತ್ತರದ ಜನರನ್ನು ನಗೆಯ ಸರಕು ಮಾಡಿದ ಚಿತ್ರಗಳು ಬೇಕಾದಷ್ಟು ಬಂದಿವೆ, ಹೊಸದಾಗಿ ಲೋಕ ಕಟ್ಟುವವರು ಆ ದಾರಿಯನ್ನು ಬಿಡಬೇಕು. ಕಥೆಗಳ ಕುಬ್ಜರು ಉತ್ತರ ಯೂರೋಪಿನ ಪುರಾಣದಿಂದ ಬಂದವರು. ಹದಿಮೂರನೆಯ ಶತಮಾನದಲ್ಲಿ ಐಸ್‌ಲ್ಯಾಂಡಿನಲ್ಲಿ ಬರಹಕ್ಕಿಳಿದ ಆ ಪುರಾಣಗಳಲ್ಲಿ ಅವರು ಹಾಸ್ಯಪಾತ್ರಗಳಲ್ಲ, ದೇವತೆಗಳಿಗೇ ಆಯುಧ ಮಾಡಿಕೊಟ್ಟ ಕಮ್ಮಾರರು. ಗುಡುಗಿನ ದೇವತೆ ಥಾರ್‌ನ ಸುತ್ತಿಗೆಯನ್ನು ತಯಾರಿಸಿದವರು ಬ್ರೋಕ್ ಮತ್ತು ಸಿಂದ್ರಿ ಎಂಬ ಕುಬ್ಜ ಸಹೋದರರು. ತಿದಿಯೊತ್ತುತ್ತಿದ್ದ ಬ್ರೋಕ್‌ನನ್ನು ನೊಣವೊಂದು ಕಚ್ಚಿದ್ದರಿಂದ ಒಂದು ಕ್ಷಣ ಗಾಳಿ ತಪ್ಪಿ, ಆ ಸುತ್ತಿಗೆಯ ಹಿಡಿ ಗಿಡ್ಡವಾಯಿತೆಂದು ಕಥೆ ಹೇಳುತ್ತದೆ. ಕುಲುಮೆಯ ಮುಂದೆ ಕುಳಿತು ಬೆವರಿದವರಿಗೆ ಮಾತ್ರ ಹೊಳೆಯಬಹುದಾದ ವಿವರ ಇದು. ಅದೇ ಪುರಾಣದಲ್ಲಿ ಆಕಾಶವನ್ನು ನಾಲ್ಕು ಮೂಲೆಗಳಲ್ಲಿ ಹೊತ್ತು ನಿಂತವರೂ ನಾಲ್ವರು ಕುಬ್ಜರು. ನಾಲ್ಕು ದಿಕ್ಕುಗಳ ಹೆಸರೇ ಅವರ ಹೆಸರು. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಪರಂಪರೆಯಲ್ಲಿ ಕುಬ್ಜರ ಪ್ರಧಾನ ದೇವರಾದ ಮೊರಾಡಿನ್ ಕೂಡ ಕಮ್ಮಾರನೇ, ತನ್ನ ಜನರನ್ನು ಕುಲುಮೆಯಲ್ಲಿ ಬಡಿದು ಮಾಡಿದವನು. ಅಲ್ಲಿಗೆ ಎರಡು ಸಂಗತಿಗಳು ಕೈಗೆ ಸಿಕ್ಕಿದವು: ಇವರು ಭಾರ ಹೊರುವವರು, ಮತ್ತು ಇವರ ಪಾಲಿಗೆ ದುಡಿಮೆಯೇ ಪೂಜೆ.

ಭಾರ ಹೊರುವ ಕುಬ್ಜರು ನಮಗೆ ಹೊಸಬರಲ್ಲ. ಬಾದಾಮಿಯ ಮೂರನೆಯ ಗುಹೆಯ ಜಗತಿಯನ್ನು, ಅಂದರೆ ಗುಡಿ ನಿಂತಿರುವ ಅಡಿಗಟ್ಟೆಯನ್ನು, ಕುಳಿತು ನೋಡಿ; ನಿಂತು ನೋಡಿದರೆ ಅದು ಕಣ್ಣಿಗೆ ಬೀಳುವುದಿಲ್ಲ. ಉದ್ದಕ್ಕೂ ಪುಟ್ಟ ಪುಟ್ಟ ಅಂಕಣಗಳಲ್ಲಿ ಕುಬ್ಜಗಣಗಳು ಜೋಡಿಜೋಡಿಯಾಗಿ ಕುಣಿಯುತ್ತಾ, ಪರಸ್ಪರ ತಬ್ಬುತ್ತಾ ಸಾಲುಗಟ್ಟಿವೆ. ಇಡೀ ಗುಹಾಲಯ ಅವರ ತಲೆಯ ಮೇಲೆ ನಿಂತಂತಿದೆ. ಆ ಗುಹೆಯಲ್ಲಿ ಶಕ 500ರ, ಅಂದರೆ ಕ್ರಿ.ಶ. 578ರ ಶಾಸನವಿದೆ. ಅಲ್ಲೇ ಇರುವ ಕನ್ನಡ ಶಾಸನವು ಚಾಲುಕ್ಯ ಮನೆತನದ ಮಂಗಳೇಶನು ಮಾಡಿಸಿದ ಈ ಆಲಯವನ್ನು ‘ಕಲ್ಮನೆ’ ಎಂದು ಕರೆಯುತ್ತದೆ. ಬಂಡೆಯಲ್ಲಿ ಕೊರೆದ ದೇಗುಲಕ್ಕೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ತೂಕದ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಲೋಕದ ಕುಬ್ಜರಿಗೂ ಅದನ್ನು ಧಾರಾಳವಾಗಿ ಕೊಡಿ.

ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡುತ್ತೇನೆ. ಬಾದಾಮಿಯಲ್ಲಿ ಗಣಗಳು ಜಗತಿಯ ಕೆಳಗಿರುವುದಕ್ಕೆ ಕಾರಣ, ಆ ಮನೆ ಬೇರೆಯವರದ್ದು. ವಿಷ್ಣುವಿನದು, ಅದನ್ನು ಮಾಡಿಸಿದ ಅರಸುಮನೆತನದ್ದು. ಆದರೆ ಆ ಗಣಗಳೇ ಒಂದು ದಿನ ಎದ್ದು ತಮಗೋಸ್ಕರ ಒಂದು ಕಲ್ಮನೆಯನ್ನು ಕೊರೆದುಕೊಂಡರೆ, ಜಗತಿಯಲ್ಲಿ ಯಾರನ್ನು ಕೆತ್ತುತ್ತಾರೆ? ತಮ್ಮನ್ನು ಅಲ್ಲಿಟ್ಟವರನ್ನು ಸೇಡಿಗಾಗಿ ಕೆತ್ತುತ್ತಾರೆಯೇ? ಅಥವಾ ಹೊರುವುದೇ ತಮ್ಮ ಹೆಮ್ಮೆ ಎಂದು ತಿಳಿದು, ತಮ್ಮದೇ ಹಿರಿಯರನ್ನು ಗರ್ಭಗುಡಿಯ ಬದಲು ಕಂಬದ ಬುಡದಲ್ಲಿ ಪ್ರತಿಷ್ಠಾಪಿಸಿ, ಬುಡಕ್ಕೇ ಹೂವು ಏರಿಸುತ್ತಾರೆಯೇ? ನನಗೆ ಎರಡನೆಯದೇ ನಿಜವೆನ್ನಿಸುತ್ತದೆ. ಹಾಗಾದಲ್ಲಿ ಆ ದೇಗುಲದಲ್ಲಿ ಅತ್ಯಂತ ಪವಿತ್ರವಾದ ಜಾಗ ಅತ್ಯಂತ ಕೆಳಗಿನ ಜಾಗವಾಗುತ್ತದೆ. ಭಕ್ತರು ಮೇಲಕ್ಕೆ ಹತ್ತುವ ಬದಲು ಕೆಳಕ್ಕೆ ಇಳಿಯುತ್ತಾರೆ. ಶಿಖರದ ಮಾತೇ ಬರುವುದಿಲ್ಲ. ಈ ಒಂದು ತೀರ್ಮಾನದಿಂದ ನಿಮ್ಮ ಇಡೀ ನಕ್ಷೆ ಬದಲಾಗುತ್ತದೆ, ಆಟವಾಡುವವನ ಹೆಜ್ಜೆಯೂ ಬದಲಾಗುತ್ತದೆ. ಬಾಗಿಲ ಬಳಿಯ ದೈತ್ಯವಿಗ್ರಹಗಳು ಕೊಡದ ಭಕ್ತಿಯನ್ನು ಅದು ಕೊಡುತ್ತದೆಂದು ನಾನು ನಂಬಿದ್ದೇನೆ.

ಇನ್ನು ಅಳತೆ. ನಮ್ಮ ಶಿಲ್ಪಶಾಸ್ತ್ರದಲ್ಲಿ ವಿಗ್ರಹದ ಲೆಕ್ಕ ತಾಲಮಾನದಿಂದ ಆರಂಭವಾಗುತ್ತದೆ. ಮುಖದ ಉದ್ದ ಒಂದು ತಾಲ, ಒಂದು ತಾಲಕ್ಕೆ 12 ಅಂಗುಲ. ಪ್ರಧಾನ ದೇವತೆಗಳಿಗೆ ಹತ್ತು ತಾಲ, ಒಂಬತ್ತು ತಾಲದ ಮೈಕಟ್ಟನ್ನು ಹೇಳಿದ ಶಾಸ್ತ್ರಗಳು ಗಣಗಳಿಗೆ ಬಂದಾಗ ನಾಲ್ಕು ತಾಲದವರೆಗೂ ಇಳಿಯುತ್ತವೆ. ಅಂದರೆ ಕುಬ್ಜ ದೇಹವು ಎತ್ತರದ ದೇಹವನ್ನು ಕುಗ್ಗಿಸಿದ್ದಲ್ಲ, ಬೇರೆಯದೇ ಆದ ದೇಹ. ಅದರಲ್ಲಿ ಮುಖವೇ ಒಟ್ಟು ಎತ್ತರದ ಕಾಲುಭಾಗ. ಕಂಪ್ಯೂಟರಿನಲ್ಲಿ ಮನುಷ್ಯನ ಮಾದರಿಯನ್ನು ತೆಗೆದುಕೊಂಡು ಸ್ಕೇಲ್ ಇಳಿಸುವವರು ಇದನ್ನು ದಯವಿಟ್ಟು ಗಮನಿಸಬೇಕು. ಆ ದೇಹಕ್ಕೆ ತಕ್ಕಂತೆ ಮೆಟ್ಟಿಲು, ಹೊಸ್ತಿಲು, ಚಿಲಕ, ಘಂಟೆಯ ಹಗ್ಗ, ದೀಪ ಹಚ್ಚುವ ಗೂಡು, ಕೈಯಿಟ್ಟು ಸವೆದ ಗೋಡೆಯ ಅಂಚು ಎಲ್ಲವೂ ಬದಲಾಗಬೇಕು. ನಾವು ಆರೇಳು ಇಂಚಿನ ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತೇವೆ. ನಾಲ್ಕಡಿ ಎತ್ತರದವರ ಮೆಟ್ಟಿಲು ನಾಲ್ಕೈದು ಇಂಚನ್ನು ದಾಟಬಾರದು. ಅಂಥ ಸಾವಿರ ಮೆಟ್ಟಿಲನ್ನು ಒಬ್ಬ ಎತ್ತರದ ಮನುಷ್ಯ ಇಳಿಯುವಾಗ ಅವನ ಪಾದ ತಡವರಿಸುತ್ತದೆ, ಅವನು ಅತಿಥಿಯೆಂಬುದು ಅವನ ಕಾಲಿಗೇ ತಿಳಿಯುತ್ತದೆ.

ಇದನ್ನು ಅನುಭವಿಸಲು ದೂರ ಹೋಗಬೇಕಾಗಿಲ್ಲ. ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನದ ಗುಹೆಯಲ್ಲಿ ಪ್ರದಕ್ಷಿಣೆ ಬರುವಾಗ ಬೆನ್ನು ಬಾಗಿಸಲೇಬೇಕು. ಬಂಡೆ ನೆತ್ತಿಗೆ ತಾಗುವಷ್ಟು ಹತ್ತಿರವಿರುತ್ತದೆ. ತಲೆಯೆತ್ತಿ ನೋಡಿ ಬೆರಗಾಗುವುದೊಂದೇ ಭವ್ಯತೆಯ ದಾರಿಯಲ್ಲ, ತಲೆ ಬಗ್ಗಿಸಬೇಕಾಗಿ ಬಂದಾಗಲೂ ಭವ್ಯತೆ ಮನಸ್ಸಿಗೆ ಇಳಿಯುತ್ತದೆ ಎಂಬುದನ್ನು ಚಿಕ್ಕಂದಿನಲ್ಲಿ ನಾನು ಅಲ್ಲಿ ಅಜ್ಜಿಯ ಕೈ ಹಿಡಿದು ನಡೆಯುವಾಗ ಕಲಿತೆ. ಅಜ್ಜಿ ಬಾಗಿ ನಡೆಯುತ್ತಿದ್ದರು, ನಾನು ನೆಟ್ಟಗೆ ನಡೆಯುತ್ತಿದ್ದೆ. ಆ ಗುಹೆ ನನ್ನ ಅಳತೆಗೇ ಮಾಡಿದ್ದೆಂದು ಅಂದುಕೊಂಡಿದ್ದೆ. ಕುಬ್ಜರ ದೇಗುಲಕ್ಕೆ ಬರುವ ಕುಬ್ಜನ ಮಗುವಿಗೂ ಹಾಗೇ ಅನ್ನಿಸಬೇಕಲ್ಲವೇ?

ಅದೇ ದೇವಸ್ಥಾನದಲ್ಲಿ ಬೆಳಕಿನ ಪಾಠವೂ ಇದೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಕಿಟಕಿಯಿಂದ ಒಳಬಂದು, ನಂದಿಯ ಕೊಂಬುಗಳ ನಡುವೆ ಹಾದು, ಲಿಂಗದ ಮೇಲೆ ಕೆಲವೇ ನಿಮಿಷ ನಿಲ್ಲುತ್ತದೆ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂದು ಕರೆಯುವ ಎರಡು ದೊಡ್ಡ ಕಲ್ಲಿನ ಚಕ್ರಗಳು ಎದುರುಬದುರಾಗಿ ನಿಂತಿವೆ. ನೆಲದೊಳಗಿನ ದೇಗುಲಕ್ಕೆ ನೀವು ಎಲ್ಲೆಂದರಲ್ಲಿ ದೀಪ, ಹರಳು, ಲಾವಾ ತುಂಬಿದರೆ ಬೆಳಕಿಗೆ ಬೆಲೆ ಇಲ್ಲದಾಗುತ್ತದೆ. ವರ್ಷಕ್ಕೆ ಕೆಲವೇ ದಿನ, ಪರ್ವತದ ಬೆನ್ನಿನಲ್ಲಿ ಕೊರೆದ ಒಂದೇ ಒಂದು ಕಿಂಡಿಯಿಂದ ಬಿಸಿಲು ಇಳಿಯುವುದಾದರೆ, ಆ ಜನಾಂಗದ ಪಂಚಾಂಗ, ಹಬ್ಬ, ಜಾತ್ರೆ ಎಲ್ಲವೂ ಆ ಕಿಂಡಿಯ ಸುತ್ತ ಹುಟ್ಟಿಕೊಳ್ಳುತ್ತವೆ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಹೇಳುವುದು ಹೆಚ್ಚಿದೆ. ನಿಮ್ಮ ಚಿತ್ರಗಳಲ್ಲಿ ಕಲ್ಲು ಎಂಬುದು ಒಂದು ಬಣ್ಣ, ಒಂದು ಟೆಕ್ಸ್ಚರ್. ಕೊರೆಯುವವನಿಗೆ ಅದು ಸ್ವಭಾವ. ಲಾಲ್‌ಬಾಗಿನ ಬಂಡೆಯ ಮೇಲೆ ನೀವೆಲ್ಲರೂ ನಡೆದಿದ್ದೀರಿ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ, ಭೂವಿಜ್ಞಾನಿಗಳು ಪೆನಿನ್ಸುಲರ್ ನೈಸ್ ಎನ್ನುವ ಆ ಶಿಲೆಯ ಪಟ್ಟೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಅಂಥ ಗಡಸು ಕಲ್ಲಿನಲ್ಲಿ ಬೇಲೂರಿನ ಮದನಿಕೆಯ ಓಲೆಯನ್ನು ಬಿಡಿಸಲಾಗದು. ಬೇಲೂರಿನ ಸೂಕ್ಷ್ಮ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಅಗೆದು ತೆಗೆದಾಗ ಮೆತುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಕಲ್ಲು ಅದು. ಬಾದಾಮಿಯದ್ದು ಮರಳುಗಲ್ಲು, ಪದರಪದರವಾಗಿ ಕೂತದ್ದು. ಎಲ್ಲೋರದ್ದು ಬಸಾಲ್ಟ್. ಆದ್ದರಿಂದ ನಿಮ್ಮ ಪರ್ವತ ಯಾವ ಕಲ್ಲಿನದೆಂದು ಮೊದಲು ನಿರ್ಧರಿಸಿ, ಆಮೇಲೆ ಅಲಂಕಾರಕ್ಕೆ ಕೈಹಚ್ಚಿ. ಗಡಸು ಕಲ್ಲಿನ ಜನ ದೊಡ್ಡ, ನುಣುಪಾದ ಮೈಗಳನ್ನು ಪ್ರೀತಿಸುತ್ತಾರೆ. ಮೆದು ಕಲ್ಲಿನ ಜನ ಬಳ್ಳಿಯನ್ನೂ ಮಣಿಸರವನ್ನೂ ಪ್ರೀತಿಸುತ್ತಾರೆ. ಕಲ್ಲು ತೊಲೆಯಾಗಿ ಉದ್ದಕ್ಕೆ ಬಾಳುವುದಿಲ್ಲ, ಏಕೆಂದರೆ ಅದು ಒತ್ತುವ ಭಾರವನ್ನು ತಾಳುತ್ತದೆ, ಎಳೆತವನ್ನು ತಾಳದು. ನಮ್ಮ ದೇಗುಲಗಳ ನಡುಮಂಟಪಗಳಾದ ನವರಂಗಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿರುವುದಕ್ಕೆ ಇದೇ ಕಾರಣ. ನಿಮ್ಮ ಕಿರುಸೇತುವೆ ನೂರಡಿ ಕಂದರವನ್ನು ತೆಳ್ಳಗೆ ದಾಟಬೇಕಾದರೆ ಕೆಳಗೆ ಒಂದು ಕಮಾನು ಇರಲೇಬೇಕು.

ಇನ್ನೂ ಮುಖ್ಯವಾದ ಸಂಗತಿ, ಇದು ಕಟ್ಟಿದ ಗುಡಿಯಲ್ಲ, ತೆಗೆದ ಗುಡಿ. ಕನ್ನಡ ನಾಡಿನ ರಾಷ್ಟ್ರಕೂಟ ಅರಸ ಒಂದನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಎಲ್ಲೋರದ ಕೈಲಾಸವನ್ನು ಮೇಲಿನಿಂದ ಕೆಳಕ್ಕೆ ಕೊರೆದರು. ಮೊದಲು ಶಿಖರ ಬಂತು, ಕೊನೆಗೆ ನೆಲ ಸಿಕ್ಕಿತು. ಸುಮಾರು 30 ಮೀಟರ್ ಎತ್ತರದ ಆ ದೇಗುಲದಲ್ಲಿ ಒಮ್ಮೆ ಕಡಿದದ್ದನ್ನು ಮತ್ತೆ ಅಂಟಿಸಲಾಗುತ್ತಿರಲಿಲ್ಲ. ಕ್ರಿ.ಶ. 812ರ ಬರೋಡಾ ತಾಮ್ರಶಾಸನವು ಆ ಆಲಯವನ್ನು ಕಂಡು ದೇವತೆಗಳೇ ಬೆರಗಾದರೆಂದೂ, ಅದನ್ನು ಮಾಡಿದ ಶಿಲ್ಪಿಯೇ ತಾನಿದನ್ನು ಹೇಗೆ ಮಾಡಿದೆನೋ ಎಂದು ಅಚ್ಚರಿಪಟ್ಟನೆಂದೂ ವರ್ಣಿಸುತ್ತದೆ. ಕುಬ್ಜರ ದೇಗುಲಕ್ಕೆ ಬೇಕಾದ ಭಾವ ಅದೇ. ಹಾಗೆ ತೆಗೆದ ಕಲ್ಲು ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ಐದು ಚಿತ್ರಗಳಲ್ಲಿ ಒಂದೂ ಕೇಳಿರಲಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಗೆ ಹೋಗಿಬನ್ನಿ, ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ಅಗೆದು, ಅರೆದು, ಚಿನ್ನ ತೆಗೆದುಕೊಂಡು ಬಿಟ್ಟ ಪುಡಿಯೇ ಅಲ್ಲಿ ಗುಡ್ಡಗಳಾಗಿ ನಿಂತಿದೆ. ಊರಿನವರು ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಗಣಿ 2001ರಲ್ಲಿ ಮುಚ್ಚಿದರೂ ದಿಬ್ಬಗಳು ಉಳಿದಿವೆ. ಎಷ್ಟು ಆಳವಿದೆಯೋ ಅಷ್ಟು ಗುಡ್ಡ ಹೊರಗಿರಬೇಕು. ನಿಮ್ಮ ಪರ್ವತದ ಹೊರಗೆ ಅಂಥ ದಿಬ್ಬಗಳಿದ್ದು, ಅವುಗಳ ಮೇಲೆ ಹಸಿರು ಹಬ್ಬಿ, ಅಲ್ಲೇ ಕುರಿ ಮೇಯುತ್ತಿದ್ದರೆ, ದೇಗುಲದ ವಯಸ್ಸೂ ಗಾತ್ರವೂ ಬಾಗಿಲು ದಾಟುವ ಮೊದಲೇ ನೋಡುಗನ ಅರಿವಿಗೆ ಬರುತ್ತವೆ.

ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹೋದದ್ದು ಅಲ್ಲಿಗೆ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ 1905ರಲ್ಲಿ. ಆಳಕ್ಕೆ ಹೋದಷ್ಟೂ ಬಂಡೆ ಬಿಸಿಯಾಗುತ್ತದೆ, ನೀರು ಒಸರುತ್ತದೆ, ಒತ್ತಡಕ್ಕೆ ಬಂಡೆ ಒಮ್ಮೊಮ್ಮೆ ಸಿಡಿಯುತ್ತದೆ. ಗಾಳಿ ಒಳಬರಲು ಒಂದು ದಾರಿ, ಹೊರಹೋಗಲು ಇನ್ನೊಂದು ದಾರಿ ಬೇಕೇಬೇಕು. ಅಲ್ಲಿ ದುಡಿದು ಮಡಿದವರ ನೆನಪು ಆ ಊರಿನ ಮನೆಮನೆಯಲ್ಲಿದೆ. ನೆಲದೊಳಗಿನ ದೇಗುಲವನ್ನು ಬರೆಯುವಾಗ ಆ ಉಸಿರಿನ ಲೆಕ್ಕವನ್ನು ಬಿಟ್ಟರೆ ನಾವು ಅವರಿಗೂ ಅನ್ಯಾಯ ಮಾಡಿದಂತೆ.

ದೇವರು ಕಮ್ಮಾರನಾದರೆ ಗರ್ಭಗುಡಿ ಕುಲುಮೆಯೇ ಆಗುತ್ತದೆ. ಆಗ ಪೂಜೆ ಹೇಗಿರುತ್ತದೆ? ನಾನು ಕಂಡ ಅತ್ಯಂತ ಹತ್ತಿರದ ಉತ್ತರ ಪೀಣ್ಯದ ಚಿಕ್ಕ ವರ್ಕ್‌ಶಾಪುಗಳ ಆಯುಧಪೂಜೆ. ವರ್ಷವಿಡೀ ಎಣ್ಣೆ, ಲೋಹದ ಚೂರು ಮೆತ್ತಿಕೊಂಡಿದ್ದ ಲೇತ್ ಯಂತ್ರವನ್ನು ಅಂದು ತೊಳೆದು ಒರೆಸಿ, ವಿಭೂತಿ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕುತ್ತಾರೆ. ಪುರೋಹಿತರು ಬಂದರೂ ಸರಿ, ಬಾರದಿದ್ದರೂ ಸರಿ; ಯಂತ್ರವನ್ನು ನಡೆಸುವವನೇ ಆರತಿ ಎತ್ತುತ್ತಾನೆ, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಾನೆ. ಆ ಒಂದು ದಿನ ಯಂತ್ರಕ್ಕೆ ವಿಶ್ರಾಂತಿ, ಆ ಮೌನವೇ ಹಬ್ಬ. ಸದಾ ಸುತ್ತಿಗೆಯ ಸದ್ದಿನಲ್ಲಿ ಬದುಕುವ ಕುಬ್ಜರ ಮಹಾದೇಗುಲದಲ್ಲಿ ವರ್ಷಕ್ಕೊಮ್ಮೆ ಎಲ್ಲ ಸುತ್ತಿಗೆಗಳೂ ನಿಂತು, ಪರ್ವತವೇ ಕಿವಿಗೊಡುವಂಥ ಆ ಮೌನವನ್ನು ಕಲ್ಪಿಸಿಕೊಳ್ಳಿ. ನಿಮ್ಮ ಸೌಂಡ್ ಡಿಸೈನರ್‌ಗೆ ಇದಕ್ಕಿಂತ ದೊಡ್ಡ ಕ್ಷಣ ಇನ್ನೊಂದಿಲ್ಲ. ನಗರ್ತಪೇಟೆಯ ಕಾಳಿಕಾಂಬಾ ಕಮಠೇಶ್ವರ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿಯೂ, ಚಿನ್ನ ಬೆಳ್ಳಿಯ ಕೆಲಸದವರ ನಡುವೆಯೂ ನಡೆದುಬನ್ನಿ. ಕಸುಬಿನ ಜನ ದೇವರ ಮುಂದೆ ಹೇಗೆ ನಿಲ್ಲುತ್ತಾರೆಂಬುದು ಪುಸ್ತಕದಿಂದ ತಿಳಿಯುವಂಥದ್ದಲ್ಲ.

ಹೆಸರುಗಳನ್ನೂ ಮರೆಯಬೇಡಿ. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ದೇಗುಲದ ವಿಗ್ರಹಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ಕುಶಲಕರ್ಮವನ್ನೇ ಧರ್ಮವೆಂದು ತಿಳಿದ ಜನಾಂಗದ ದೇಗುಲದಲ್ಲಿ ರಾಜನ ಹೆಸರಿಗಿಂತ ಕಲ್ಲುಕುಟಿಗರ ಹೆಸರೇ ಹೆಚ್ಚಿರಬೇಕು. ಒಂದು ಮೂಲೆಯನ್ನು ಮುಗಿಸದೆ ಬಿಡಿ, ಅಲ್ಲಿ ಚಾಣದ ಗುರುತುಗಳೂ ಬೆಣೆ ಹೊಡೆಯಲು ಕೊರೆದ ತೂತುಗಳ ಸಾಲೂ ಕಾಣಲಿ. ಕೊನೆಯ ಕೆಲಸಗಾರ ಸುತ್ತಿಗೆಯಿಟ್ಟು ಎದ್ದು ಹೋದ ಜಾಗ ಅದೆಂದು ನೋಡುಗನಿಗೆ ಗೊತ್ತಾಗಲಿ.

ಇದನ್ನೆಲ್ಲ ಓದಿ, ಕುಬ್ಜರ ಗುಡಿಗೆ ಹೊಯ್ಸಳ ಕಂಬ ಅಂಟಿಸಿ, ಬಾಗಿಲ ಮೇಲೆ ಕೀರ್ತಿಮುಖ ಕೂರಿಸಿ ಎಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅದು ಇನ್ನೂ ದೊಡ್ಡ ತಪ್ಪಾಗುತ್ತದೆ. ಅವರ ದೇವರು ಅವರದ್ದು, ಅವರ ಚಿಹ್ನೆಗಳು ಅವರದ್ದು. ನಮ್ಮ ಶಿಲ್ಪಿಗಳಿಂದ ಪಡೆಯಬೇಕಾದದ್ದು ಆಕಾರವನ್ನಲ್ಲ, ಕಾರಣವನ್ನು. ಹೊರದೇಶದ ಕಂಪನಿ ಕೊಟ್ಟ ಬ್ರೀಫ್, ಅಂದರೆ ಕೆಲಸ ಹೀಗೇ ಇರಬೇಕೆಂಬ ಸೂಚನೆ, ವಾರದೊಳಗೆ ಒಪ್ಪಿಸಬೇಕಾದ ಗಡುವು ನಿಮ್ಮ ಕೈ ಕಟ್ಟುತ್ತವೆಂದು ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಅದನ್ನು ನಾನು ನಂಬುತ್ತೇನೆ. ಆದರೆ ಮೆಟ್ಟಿಲಿನ ಎತ್ತರವನ್ನು ಸರಿಪಡಿಸಲು, ಗಾಳಿಯ ಕಿಂಡಿಯೊಂದನ್ನು ಸೇರಿಸಲು ಬ್ರೀಫ್ ಅಡ್ಡಬರುವುದಿಲ್ಲ.

ಇಲಾಖೆಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಚಿಕ್ಕದು. ದೇಶದಲ್ಲೇ ಮೊದಲಾಗಿ 2012ರಲ್ಲಿ ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ನೀತಿ ರೂಪಿಸಿದ ರಾಜ್ಯ ನಮ್ಮದು; 2024ರಿಂದ 2029ರವರೆಗಿನ ಹೊಸ ನೀತಿಯೂ ಜಾರಿಯಲ್ಲಿದೆ. ಆ ನೀತಿಯ ಆಶಯಕ್ಕೆ ಹೊಂದುವಂತೆ, ರಾಜ್ಯದ ರಕ್ಷಣೆಯಲ್ಲಿರುವ ಗುಹಾಲಯಗಳ ಮತ್ತು ದೇಗುಲಗಳ ಅಳತೆಯ ನಕ್ಷೆಗಳನ್ನು, ಮೂರು ಆಯಾಮದ ಸ್ಕ್ಯಾನ್‌ಗಳಿದ್ದಲ್ಲಿ ಅವನ್ನೂ, ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ತೆರೆದಿಡಿ. ಪೂಜೆಗೆ ತೊಂದರೆಯಾಗದ ಹೊತ್ತಿನಲ್ಲಿ ಕುಳಿತು ಚಿತ್ರ ಬರೆಯಲು, ಟೇಪು ಹಿಡಿದು ಅಳೆಯಲು ಸರಳವಾದ ಅನುಮತಿ ವ್ಯವಸ್ಥೆಯನ್ನು ಮಾಡಿಕೊಡಿ. ಕೇಂದ್ರದ ರಕ್ಷಣೆಯಲ್ಲಿರುವ ಬಾದಾಮಿಯಂಥ ತಾಣಗಳಿಗೂ ಇದು ಅನ್ವಯವಾಗುವಂತೆ ಭಾರತೀಯ ಪುರಾತತ್ವ ಸರ್ವೇಕ್ಷಣೆಗೆ ನೀವೇ ಬರೆಯಿರಿ.

ಅಧ್ಯಾಪಕ ಮಿತ್ರರೇ, ನಿಮ್ಮ ಮೊದಲ ವರ್ಷದ ಮಕ್ಕಳನ್ನು ಮುಂದಿನ ಸಂಕ್ರಾಂತಿಯ ಮರುದಿನ, ಜನಸಂದಣಿ ಇಳಿದ ಮೇಲೆ, ಬೆಳಿಗ್ಗೆ ಗವಿಪುರಕ್ಕೆ ಕರೆತನ್ನಿ. ಆ ಗುಹೆಯಲ್ಲಿ ಎರಡು ತಲೆ, ಏಳು ಕೈ, ಮೂರು ಕಾಲುಗಳ ಅಗ್ನಿಯ ವಿಗ್ರಹವಿದೆ; ಕುಲುಮೆಯ ದೇವರನ್ನು ಕಲ್ಪಿಸಬೇಕಾದವರು ಅದರ ಮುಂದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕು. ನಾನು ಅಂಗಳದಲ್ಲಿ ಸೂರ್ಯಪಾನದ ಬಳಿ ಇರುತ್ತೇನೆ. ಫೋನುಗಳನ್ನು ಚೀಲದಲ್ಲಿಟ್ಟು, ಪೆನ್ಸಿಲು, ಚಿತ್ರದ ಪುಸ್ತಕ ಮತ್ತು ಒಂದು ಅಳತೆಯ ಟೇಪನ್ನು ತಂದರೆ ಸಾಕು. ನೂರಡಿ ಬಾಗಿಲನ್ನು ಬರೆದ ಆ ಹುಡುಗಿಯೂ ಬರುತ್ತೇನೆಂದು ಹೇಳಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಅಧ್ಯಾಪಕ
ಬಸವನಗುಡಿ, ಬೆಂಗಳೂರು